ಗೆರೆಯ ಆಚೆ ಏನಿದೆ ಎಂದು ಕೇಳು

ಮಗಳೇ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ನಿನ್ನ ಮಾತಿನಲ್ಲಿ ‘ಡೆಡ್‌ಲೈನ್’ ಬಾರದ ದಿನವಿಲ್ಲ. ಹಬ್ಬಕ್ಕೆ ಕರೆದರೆ ಡೆಡ್‌ಲೈನ್, ಹೊತ್ತಿಗೆ ಸರಿಯಾಗಿ ಉಣ್ಣು ಎಂದರೂ ಡೆಡ್‌ಲೈನ್. ಪತ್ರಿಕೆಯ ಡೆಸ್ಕಿನಲ್ಲಿ ಆಯುಷ್ಯ ಸವೆಸಿದವನು ನಾನು. ಆ ಪದದ ಜೊತೆ ಬಾಳುವುದು ಹೇಗೆಂದು ನಿನಗೆ ಹೇಳಬೇಕು ಅನ್ನಿಸುತ್ತಿದೆ.

ಆ ಪದ ಬೆಳೆದದ್ದು ಸೆರೆಮನೆಯಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲ. 1864ರಲ್ಲಿ ದಕ್ಷಿಣದ ಸೇನೆಯವರು ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಉತ್ತರದ ಸೈನಿಕರನ್ನು ಕೂಡಿಹಾಕಲು ಒಂದು ಬಯಲಿನ ಸುತ್ತ ಮರದ ದಿಮ್ಮಿಗಳನ್ನು ಒತ್ತೊತ್ತಾಗಿ ನೆಟ್ಟರು. ಆ ಗೋಡೆಯಿಂದ ಸುಮಾರು 19 ಅಡಿ ಒಳಗೆ ಗೂಟ ಹೊಡೆದು, ಮೇಲೊಂದು ಅಡ್ಡಪಟ್ಟಿ ಬಡಿದರು. ಅದು ಡೆಡ್‌ಲೈನ್. ಅದನ್ನು ದಾಟಿದವನಿಗೆ ಮೇಲಿನ ಅಟ್ಟಣೆಯಿಂದ ಕಾವಲುಗಾರ ಗುಂಡು ಹಾರಿಸುತ್ತಿದ್ದ. ನಡುವೆ ಹರಿಯುತ್ತಿದ್ದ ಹಳ್ಳ ಹೊಲಸಾಗಿತ್ತು. ಸ್ವಲ್ಪ ತಿಳಿನೀರು ಸಿಕ್ಕೀತೆಂದು ಪಟ್ಟಿಯ ಆಚೆಗೆ ಕೈ ಚಾಚಿದವರೂ ಸತ್ತರು. ಅಲ್ಲಿದ್ದ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಹಸಿವು, ರೋಗಗಳಿಗೆ ಬಲಿಯಾದರು. ಸೆರೆಮನೆಯ ಅಧಿಕಾರಿ ಹೆನ್ರಿ ವಿರ್ಜ್‌ನನ್ನು ಯುದ್ಧ ಮುಗಿದ ಮೇಲೆ, 1865ರ ನವೆಂಬರ್‌ನಲ್ಲಿ ಗಲ್ಲಿಗೇರಿಸಿದರು. ಮುಂದೆ ಮುದ್ರಣಾಲಯದವರೂ ಅದೇ ಪದ ಹಿಡಿದರು. ಅಚ್ಚಿನ ಯಂತ್ರದ ಹಾಸಿನ ಮೇಲೆ ಒಂದು ಗೆರೆ, ಅದರಾಚೆ ಜೋಡಿಸಿದ ಮೊಳೆ ಅಚ್ಚಾಗದು. 1920ರ ಹೊತ್ತಿಗೆ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ ಅದಕ್ಕೆ ಈಗಿನ ಅರ್ಥ, ಅಂದರೆ ಸುದ್ದಿ ಕೊಡುವ ಕಡೆಯ ಗಳಿಗೆ ಎಂಬ ಅರ್ಥ ಬಂದಿತ್ತು.

ಇದನ್ನು ನಿನ್ನನ್ನು ಹೆದರಿಸಲು ಹೇಳುತ್ತಿಲ್ಲ. ಗೆರೆ ಎಳೆದ ಕಡೆಯಲ್ಲೆಲ್ಲ ಅದರ ಆಚೆ ಏನೋ ಒಂದು ಇರುತ್ತದೆ, ಅದೇನೆಂದು ಮೊದಲು ತಿಳಿದುಕೋ.

ನಮ್ಮ ಪತ್ರಿಕೆಯಲ್ಲಿ ಆಚೆ ಇದ್ದದ್ದು ಪಾರ್ಸೆಲ್ ವ್ಯಾನು. ದೂರದ ತಾಲ್ಲೂಕುಗಳ ಆವೃತ್ತಿ ಮೊದಲು ಅಚ್ಚಾಗುತ್ತದೆ, ಊರಿನದು ಕೊನೆಗೆ. ಹಾಗಾಗಿ ಒಂದೇ ಸುದ್ದಿಗೆ ಒಂದು ಪುಟದಲ್ಲಿ ಹೊತ್ತು ಮೀರಿದ್ದರೆ, ಇನ್ನೊಂದರಲ್ಲಿ ಅರ್ಧ ರಾತ್ರಿ ಬಾಕಿ. ಪುಟ ತಡವಾದರೆ ವ್ಯಾನು ತಡ, ವ್ಯಾನು ತಡವಾದರೆ ನಸುಕಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕಾದು ಕುಳಿತ ಏಜೆಂಟ್ ಮನೆಮನೆಗೆ ಹಾಕುವ ಹೊತ್ತಿಗೆ ಬಿಸಿಲೇರಿರುತ್ತದೆ. ಡೆಸ್ಕಿಗೆ ಹೊಸದಾಗಿ ಬಂದವರನ್ನು ಒಂದು ರಾತ್ರಿ ಬಂಡಲ್ ಕಟ್ಟುವ ಜಾಗದಲ್ಲಿ ನಿಲ್ಲಿಸುತ್ತಿದ್ದೆವು. ಆಮೇಲೆ ಅವರಿಗೆ ಯಾರೂ ಅವಸರ ಮಾಡಬೇಕಾಗುತ್ತಿರಲಿಲ್ಲ.

ಕೋರ್ಟಿನ ಗೆರೆ ಎಲ್ಲಕ್ಕಿಂತ ಗಟ್ಟಿ. ಇದನ್ನು ಕಿವಿಗೊಟ್ಟು ಕೇಳು, ಮುಂದೆ ನಿನಗೇ ಬೇಕಾದೀತು. ಪ್ರೋನೋಟು ಬರೆಸಿಕೊಂಡು ಕೊಟ್ಟ ಕೈಸಾಲಕ್ಕೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. 1963ರ ಲಿಮಿಟೇಶನ್ ಕಾಯ್ದೆಯ ಪ್ರಕಾರ, ಅವಧಿ ಮೀರಿದ್ದನ್ನು ಎದುರಿನವರು ಎತ್ತದೇ ಇದ್ದರೂ ನ್ಯಾಯಾಲಯ ತಾನಾಗಿ ದಾವೆ ವಜಾ ಮಾಡಬೇಕು. ಮೇಲ್ಮನವಿ ತಡವಾದರೆ ತಕ್ಕ ಕಾರಣ ತೋರಿಸಿ ಕ್ಷಮೆ ಕೇಳಬಹುದು. ದಾವೆಗೆ ಆ ದಾರಿಯೂ ಇಲ್ಲ. ಆದರೆ ಅವಧಿ ಮುಗಿಯುವ ಮೊದಲೇ ಸಾಲಗಾರ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಸ್ನೇಹ ಕೆಡುತ್ತದೆಂದು ಆ ಒಂದು ಸಾಲು ಬರೆಸಿಕೊಳ್ಳದವರೇ ಹೆಚ್ಚು. ಆಮೇಲೆ ವಕೀಲರ ಕಚೇರಿಯಲ್ಲಿ ‘ಟೈಂ ಬಾರ್ ಆಗಿದೆ’ ಎಂಬ ಮಾತು ಕೇಳಿ ಮುಖ ಬಾಡಿಸಿಕೊಂಡು ಮೆಟ್ಟಿಲಿಳಿಯುತ್ತಾರೆ. ಚೆಕ್ಕೂ ಅಷ್ಟೇ, ಬರೆದ ತಾರೀಖಿನಿಂದ ಮೂರು ತಿಂಗಳು ಮಾತ್ರ ನಡೆಯುತ್ತದೆ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಆಮೇಲಿನ 30 ದಿನದೊಳಗೆ ಮೇಲ್ಮನವಿ ಹಾಕಬೇಕಾದವಳು ನೀನು. ಅವರ ಗಡುವು ಎಲ್ಲಿ ಮುಗಿಯುತ್ತದೋ ಅಲ್ಲಿ ನಿನ್ನ ಗಡುವು ಶುರು.

ಇನ್ನು ನಿನ್ನ ಕಚೇರಿ. ಅಲ್ಲಿ ದಿನಾ ಎಳೆಯುವ ಎಷ್ಟೋ ಗೆರೆಗಳ ಆಚೆ ಏನೂ ಇರುವುದಿಲ್ಲ. ಶುಕ್ರವಾರ ಸಂಜೆಗೇ ಬೇಕೆಂದು ನಿನ್ನನ್ನು ರಾತ್ರಿಯೆಲ್ಲ ಕೂರಿಸಿದ ಕಡತವನ್ನು ಯಾರಾದರೂ ಬಿಚ್ಚಿ ನೋಡುವುದು ಸೋಮವಾರ ಮಧ್ಯಾಹ್ನಕ್ಕೆ. ಇಂಥದ್ದಕ್ಕೆಲ್ಲ ಡೆಡ್‌ಲೈನ್ ಎಂದು ಕೂಗಿ ಕೂಗಿ, ನಿಜವಾದದ್ದು ಬಂದಾಗ ಯಾರೂ ತಲೆ ಎತ್ತದ ಹಾಗಾಗಿದೆ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಎಷ್ಟೋ ಮಕ್ಕಳ ನಿದ್ದೆ, ಊಟ, ಆರೋಗ್ಯ ಹೀಗೇ ಹೋಗುತ್ತಿದೆ.

ಹಾಗಾಗಿ ಕೆಲಸ ಒಪ್ಪಿಕೊಳ್ಳುವಾಗಲೇ ವಿನಯದಿಂದ ಕೇಳು: ‘ಸರ್, ಇದು ನನ್ನ ಕೈಯಿಂದ ಯಾರಿಗೆ ಹೋಗುತ್ತದೆ? ಅವರು ಯಾವಾಗ ಕೈಗೆತ್ತಿಕೊಳ್ಳುತ್ತಾರೆ?’ ಒಳ್ಳೆಯ ಮೇಲಧಿಕಾರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ತಾರೀಖಿನ ಜೊತೆ ಗಂಟೆಯನ್ನೂ ಕೇಳು. ‘ಶುಕ್ರವಾರದೊಳಗೆ’ ಅಂದರೆ ಶುಕ್ರವಾರ ಸೇರಿಯೋ, ಬಿಟ್ಟೋ? ಅಮೆರಿಕದವರ ಜೊತೆ ಕೆಲಸವಾದರೆ ಯಾವ ಊರಿನ ಗಡಿಯಾರ? ನ್ಯೂಯಾರ್ಕಿನ ಸಂಜೆ ಐದು ಅಂದರೆ ಅವರ ಬೇಸಿಗೆಯಲ್ಲಿ ನಮಗೆ ರಾತ್ರಿ ಎರಡೂವರೆ, ಚಳಿಗಾಲದಲ್ಲಿ ಮೂರೂವರೆ.

ನಾಳೆ ನಿನ್ನ ಕೈಕೆಳಗೂ ಹುಡುಗರು ಬರುತ್ತಾರೆ. ನಿನಗೆ ಬರೀ ಅನುಕೂಲಕ್ಕಾಗಿ ಬೇಕಿದ್ದರೆ ‘ಗುರುವಾರ ಸಿಕ್ಕರೆ ಒಳ್ಳೆಯದು’ ಅನ್ನು. ನಿಜವಾದ ಗಡುವಾದರೆ ಕಾರಣ ಸಮೇತ ಹೇಳು. ನಿನಗೇ ಆಗುವುದಿಲ್ಲ ಅಂತ ಗೊತ್ತಾದರೆ ಕಡೆಯ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡಿರಬೇಡ. ಗೊತ್ತಾದ ಬೆಳಿಗ್ಗೆಯೇ ಹೋಗಿ ಎಷ್ಟು ಮುಗಿದಿದೆ, ಎಷ್ಟು ಬಾಕಿ, ಯಾವಾಗ ಕೊಡಬಲ್ಲೆ ಎಂಬ ಮೂರೂ ಒಟ್ಟಿಗೆ ಹೇಳು. ಆಗ ಅವರಿಗೂ ಬೇರೆಯವರನ್ನು ಜೊತೆಗೆ ಹಾಕಲೋ, ಆಚೆಯವರಿಗೆ ಫೋನ್ ಮಾಡಲೋ ಹೊತ್ತಿರುತ್ತದೆ.