ಪಿಂಟೋ ಕಾಳಿನ ಕಟ್ಟು ಚೆಲ್ಲಬೇಡಿ

ಪ್ರಶ್ನೆ: ಮಗಳ ಮನೆಗೆಂದು ಡಲ್ಲಾಸ್‌ಗೆ ಬಂದಿದ್ದೇನೆ. ಪಕ್ಕದ ಮನೆಯ ಮೆಕ್ಸಿಕನ್ ಹೆಂಗಸು, ಮಾಂಸ ಹಾಕಿಲ್ಲ ಎಂದು ಹೇಳಿಯೇ, ಒಂದು ಬಟ್ಟಲು ಪಿಂಟೋ ಬೀನ್ಸ್ ಕೊಟ್ಟರು. ಮಸಾಲೆ ಏನೂ ಇರಲಿಲ್ಲ, ಆದರೂ ಎಷ್ಟು ರುಚಿ! ಅದೇ ಕಾಳು ತಂದು ನಾನು ಮಾಡಿದರೆ ಒಂದೋ ರಾಜ್ಮಾ ಸಾಗು ಆಗುತ್ತದೆ, ಇಲ್ಲವೇ ಸಿಪ್ಪೆ ಒಂದು ಕಡೆ, ಹಿಟ್ಟು ಒಂದು ಕಡೆ. ಕಾಳು ನೆನೆಸಬೇಕೇ? ಉಪ್ಪು ಯಾವಾಗ ಹಾಕಬೇಕು? ಅವರು ಹಂದಿಯ ಕೊಬ್ಬು ಹಾಕುವುದೂ ಉಂಟಂತೆ, ಅದಿಲ್ಲದೆ ಆ ರುಚಿ ಬರುತ್ತದೆಯೇ? ಊರಿಗೆ ಬಂದ ಮೇಲೆ ಯಾವ ಕಾಳಿನಲ್ಲಿ ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆ ಬಟ್ಟಲಿನಲ್ಲಿ ನಿಮ್ಮನ್ನು ಸೆಳೆದದ್ದು ಕಾಳು ಬೆಂದ ಕಟ್ಟು. ಹುರುಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುವ ಮಲೆನಾಡಿನವರಿಗೆ ಕಟ್ಟಿನ ಬೆಲೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ನಾವು ಬಸಿದ ಕಟ್ಟಿಗೆ ಹುಣಸೆ, ಖಾರ, ಒಗ್ಗರಣೆ ಸೇರಿಸುತ್ತೇವೆ. ಮೆಕ್ಸಿಕೋದವರು ಕಾಳನ್ನು ಅದರ ಕಟ್ಟಿನಲ್ಲೇ ಬಿಟ್ಟು, ಉಪ್ಪು ಹಾಕಿ, ಹಾಗೆಯೇ ಬಟ್ಟಲಿಗೆ ಬಡಿಸುತ್ತಾರೆ. ಈ ಅಡುಗೆಗೆ ಅಲ್ಲಿ ‘ಫ್ರಿಹೋಲೆಸ್ ದೆ ಲಾ ಒಯ್ಯಾ’, ಅಂದರೆ ಗಡಿಗೆಯ ಕಾಳು, ಎನ್ನುತ್ತಾರೆ. ಹುರಿದು ಅರೆದ ಕಾಳಿಗೂ ಬೇರೆ ಬಗೆಗಳಿಗೂ ಮೂಲ ಇದೇ. ಹಾಗಾಗಿ ಇದೊಂದನ್ನು ಸರಿಯಾಗಿ ಕಲಿತರೆ ಮಿಕ್ಕವು ತಾವಾಗಿಯೇ ಕೈಗೆ ಬರುತ್ತವೆ. ನಿಮ್ಮ ಮಸಾಲೆ ಡಬ್ಬಿಯನ್ನು ಆ ಒಂದು ದಿನ ಮುಚ್ಚಿಯೇ ಇಡಿ. ಜೀರಿಗೆ ಪುಡಿಯನ್ನು ಧಾರಾಳವಾಗಿ ಬಳಸುವುದು ನೀವಿರುವ ಟೆಕ್ಸಾಸ್‌ನ ಹೋಟೆಲುಗಳ ರೂಢಿ. ಗಡಿಗೆಯ ಕಾಳಿಗೆ ಅದು ಬೇಡ.

ಹಂದಿಯ ಕೊಬ್ಬಿನ ಮಾತನ್ನು ಮೊದಲು ಮುಗಿಸೋಣ. ಇಂದಿನ ಮೆಕ್ಸಿಕನ್ ಅಡುಗೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ, ನಿಜ. ಆದರೆ 1519ರಲ್ಲಿ ಕೊರ್ತೆಸ್ ಸ್ಪೇನಿನ ದಂಡಿನೊಂದಿಗೆ ಬಂದಿಳಿಯುವವರೆಗೆ ಆ ನಾಡಿನಲ್ಲಿ ಸಾಕುಹಂದಿ ಇರಲಿಲ್ಲ. ದನ, ಗೋಧಿ, ಬೆಳ್ಳುಳ್ಳಿ, ನಾವಿಂದು ಬಳಸುವ ಗಡ್ಡೆ ಈರುಳ್ಳಿ ಎಲ್ಲವೂ ಆಮೇಲೆ ಬಂದವು. ಕಾಳು ಮಾತ್ರ ಸಾವಿರಾರು ವರ್ಷಗಳಿಂದ ಅಲ್ಲಿಯದೇ. 1540ರ ಸುಮಾರಿಗೆ ಸಿದ್ಧವಾದ ಕೋಡೆಕ್ಸ್ ಮೆಂಡೋಜಾ ಎಂಬ ಚಿತ್ರಗ್ರಂಥ ಈಗ ಆಕ್ಸ್‌ಫರ್ಡ್‌ನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಅಜ್ಟೆಕ್ ಅರಸರಿಗೆ ಸೀಮೆಸೀಮೆಗಳಿಂದ ಸಲ್ಲುತ್ತಿದ್ದ ಕಪ್ಪದ ಪಟ್ಟಿಯಲ್ಲಿ ಮೆಕ್ಕೆಜೋಳದ ಕಣಜಗಳ ಜೊತೆಗೆ ಈ ಕಾಳಿನ ಕಣಜಗಳನ್ನೂ ಅದರಲ್ಲಿ ಬಿಡಿಸಿದ್ದಾರೆ. ಆ ಅರಸರ ಕಾಲದ ಗಡಿಗೆಯಲ್ಲಿ ಹಂದಿಯ ಕೊಬ್ಬು ಇರಲು ಸಾಧ್ಯವೇ ಇರಲಿಲ್ಲ. ಅದನ್ನು ಬಿಟ್ಟು ಮಾಡಿದರೆ ಅಡುಗೆ ಕಲಬೆರಕೆಯಾಯಿತೆಂಬ ಅಳುಕು ನಿಮಗೆ ಬೇಡವೇ ಬೇಡ. ಕೊಬ್ಬು ಕೊಡುವುದು ಕಟ್ಟಿಗೊಂದು ನುಣುಪು. ಎರಡು ದೊಡ್ಡ ಚಮಚ ಎಣ್ಣೆಯನ್ನು ಆರಂಭದಲ್ಲೇ ಹಾಕಿ ಕಾಳಿನ ಜೊತೆ ಕುದಿಸಿದರೆ ಆ ನುಣುಪಿನ ಬಹುಪಾಲು ಬಂದುಬಿಡುತ್ತದೆ. ಮೆಕ್ಸಿಕೋದಲ್ಲೇ ಎಷ್ಟೋ ಮನೆಗಳಲ್ಲಿ ಈಗ ಎಣ್ಣೆಯನ್ನೇ ಬಳಸುತ್ತಾರೆ. ನೀವು ಎಚ್ಚರ ವಹಿಸಬೇಕಾದದ್ದು ಅಂಗಡಿಯಲ್ಲಿ. ಡಬ್ಬಿಯಲ್ಲಿ ಬರುವ ಹುರಿದರೆದ ಕಾಳಿನಲ್ಲಿ, ಮೆತ್ತನೆಯ ಗೋಧಿ ತೋರ್ತಿಯಾ ರೊಟ್ಟಿಗಳಲ್ಲಿ ಹಂದಿಯ ಕೊಬ್ಬು ಇರುವುದುಂಟು. ಹಿಂಬದಿಯ ಚೀಟಿಯನ್ನು ಮಗಳ ಕೈಲಿ ಓದಿಸಿ ನೋಡಿ.

ಈಗ ಕಾಳಿನ ಆಯ್ಕೆ. ನಿಮ್ಮ ತೊಂದರೆಯ ಒಂದು ಬೇರು ಬಹುಶಃ ಇಲ್ಲೇ ಇದೆ. ಹೊಸ ಪಿಂಟೋ ಕಾಳು ತೆಳು ಕೆನೆಬಣ್ಣದ್ದು, ಮೇಲೆ ಕಂದು ಮಚ್ಚೆ. ದಿನ ಕಳೆದಂತೆ ಆ ಕೆನೆಬಣ್ಣ ಮಂಕಾಗಿ ಕಂದಿಗೆ ತಿರುಗುತ್ತದೆ. ಕಪ್ಪಿಟ್ಟ ಕಾಳು ಹಳೆಯದು, ಬೇಯುವುದಿಲ್ಲ ಎಂದು ಮೆಕ್ಸಿಕೋದ ಗಿರಾಕಿಗಳು ಕೈಗೆತ್ತಿಕೊಳ್ಳುವುದೇ ಇಲ್ಲ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಇನಿಫಾಪ್ ‘ಪಿಂಟೋ ಸಾಲ್ಟಿಯೋ’ ಎಂಬ ತಳಿಯನ್ನು ತಂದದ್ದರ ಹಿಂದೆ ಈ ಕಾರಣವೂ ಇದೆ. ಅದರ ಬಣ್ಣ ನಿಧಾನವಾಗಿ ಮಂಕಾಗುತ್ತದೆ. ಸೆಕೆ ಮತ್ತು ತೇವದಲ್ಲಿ ಬಹಳ ದಿನ ಇಟ್ಟ ಕಾಳು ಗಡುಸಾಗುತ್ತದೆ, ಎಷ್ಟು ಹೊತ್ತು ಬೇಯಿಸಿದರೂ ನಡುವೆ ಮರಳು ಮರಳಾಗಿಯೇ ಉಳಿಯುತ್ತದೆ. ಆದ್ದರಿಂದ ಸೂಪರ್ ಮಾರ್ಕೆಟ್ಟಿನ ಮೂಲೆಯಲ್ಲಿ ಧೂಳು ಹಿಡಿದ ಪೊಟ್ಟಣ ಬೇಡ. ಮೆಕ್ಸಿಕನ್ ದಿನಸಿ ಅಂಗಡಿಗೆ ಹೋಗಿ, ಬೇಗ ಬೇಗ ಖರ್ಚಾಗುವ ಚೀಲದಿಂದ ತಿಳಿಬಣ್ಣದ ಕಾಳು ಆರಿಸಿ. ಅಮೆರಿಕದಲ್ಲಿ ಅತಿ ಹೆಚ್ಚು ಬೆಳೆಯುವ ಒಣಕಾಳು ಇದೇ, ಉತ್ತರ ಡಕೋಟಾ ರಾಜ್ಯ ಮುಂಚೂಣಿಯಲ್ಲಿದೆ. ಒಳ್ಳೆಯ ಕಾಳಿಗೆ ಅಲ್ಲಿ ಬರವಿಲ್ಲ.

ನೆನೆಸಬೇಕೇ ಎಂದು ಕೇಳಿದ್ದೀರಿ. ಕಾಳು ಹೊಸದಾಗಿದ್ದರೆ ನೆನೆಸದೆಯೇ ಒಲೆಯ ಮೇಲಿಡುವ ಮೆಕ್ಸಿಕನ್ ಮನೆಗಳು ಬೇಕಾದಷ್ಟಿವೆ, ಅವರ ಕಟ್ಟು ಇನ್ನಷ್ಟು ಗಾಢವೂ ಆಗಿರುತ್ತದೆ. ಆದರೆ ಸಿಪ್ಪೆ ಒಡೆಯುತ್ತದೆ ಎಂಬುದು ನಿಮ್ಮ ದೂರಾದ್ದರಿಂದ ನನ್ನ ಸಲಹೆ ಬೇರೆ. ಅರ್ಧ ಕಿಲೋ ಕಾಳನ್ನು ಮೊರದಲ್ಲೋ ತಟ್ಟೆಯಲ್ಲೋ ಹರಡಿ ಕಲ್ಲು, ಮಣ್ಣಿನ ಹೆಂಟೆ, ಮುರುಕು ಕಾಳುಗಳನ್ನು ಆರಿಸಿ ತೆಗೆಯಿರಿ. ತೊಳೆದು, ಎರಡು ಲೀಟರ್ ನೀರಿಗೆ ಒಂದೂವರೆ ದೊಡ್ಡ ಚಮಚ ಉಪ್ಪು ಕರಗಿಸಿ, ಅದರಲ್ಲಿ ರಾತ್ರಿಯಿಡೀ ನೆನೆಯಲು ಬಿಡಿ. ಬೆಳಗ್ಗೆ ಆ ನೀರು ಚೆಲ್ಲಿ ಮತ್ತೊಮ್ಮೆ ತೊಳೆಯಿರಿ. ಹೊಟ್ಟೆಯುಬ್ಬರ ತರಿಸುವ ಸಕ್ಕರೆಗಳಲ್ಲಿ ಒಂದಿಷ್ಟು ಈ ನೀರಿನ ಜೊತೆಗೇ ಹೋಗುತ್ತದೆ.

ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನಮ್ಮಲ್ಲೂ ಇದೆ, ಅಲ್ಲೂ ಇದೆ. ಅದು ತಪ್ಪು, ಮತ್ತು ಅದರಿಂದ ಎಷ್ಟೋ ಒಳ್ಳೆಯ ಕಾಳು ಸಪ್ಪೆಯಾಗಿ ಹಾಳಾಗಿದೆ. ಕಾಳಿನ ಸಿಪ್ಪೆಯನ್ನು ಬಿಗಿಯಾಗಿ ಹಿಡಿದಿಡುವುದು ಪೆಕ್ಟಿನ್. ಆ ಪೆಕ್ಟಿನ್ನಿಗೆ ಬಿಗಿ ಕೊಡುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನಲ್ಲಿರುವ ಸೋಡಿಯಂ ಇವುಗಳ ಜಾಗಕ್ಕೆ ಬಂದು ಕೂರುತ್ತದೆ. ಬಿಗಿ ಸಡಿಲವಾಗಿ ಸಿಪ್ಪೆ ಮೆತ್ತಗಾಗುತ್ತದೆ, ಹಿಗ್ಗುತ್ತದೆ, ಒಡೆಯದೆ ಒಳಗಿನ ತಿರುಳಿನ ಜೊತೆಗೇ ಬೇಯುತ್ತದೆ. ನಿಜವಾಗಿ ಬೇಯಲು ಬಿಡದಿರುವುದು ಹುಳಿ. ಟೊಮೆಟೊ, ನಿಂಬೆ, ಹುಣಸೆ ಯಾವುದನ್ನೂ ಕಾಳು ಮೆತ್ತಗಾಗುವ ಮುಂಚೆ ಹಾಕಬಾರದು. ನೀವು ರಾಜ್ಮಾದ ಅಭ್ಯಾಸಬಲದಿಂದ ಮೊದಲೇ ಟೊಮೆಟೊ ಹಾಕುತ್ತಿದ್ದರೆ ಅದನ್ನು ಬಿಡಿ. ಗಡಸು ನೀರಿನಲ್ಲೂ ಅದೇ ಕ್ಯಾಲ್ಸಿಯಂ ಇರುವುದರಿಂದ ಬೋರ್‌ವೆಲ್ ನೀರಿನ ಮನೆಗಳಲ್ಲಿ ಕಾಳು ಸತಾಯಿಸುತ್ತದೆ. ಅಂಥ ಕಡೆ ಕಾಲು ಚಮಚ ಅಡುಗೆ ಸೋಡಾ ನೆರವಿಗೆ ಬರುತ್ತದೆ. ಅದಕ್ಕಿಂತ ಹೆಚ್ಚಾದರೆ ಸಾಬೂನಿನ ರುಚಿ.

ಇನ್ನು ಒಲೆ. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಬಿಸಿಮಾಡಿ, ಅರ್ಧ ಬಿಳಿ ಈರುಳ್ಳಿಯನ್ನು ಹೆಚ್ಚದೆ ಇಡಿಯಾಗಿಯೇ, ಕೊಯ್ದ ಮುಖ ಕೆಳಗಾಗುವಂತೆ ಇಟ್ಟು ಕಂದು ಬಣ್ಣ ಬರಿಸಿ. ಇದು ಎಲ್ಲರೂ ಮಾಡುವ ಕ್ರಮವಲ್ಲ, ಕೊಬ್ಬಿಲ್ಲದ ಕಟ್ಟಿಗೆ ಪರಿಮಳ ಬರಲೆಂದು ನಾನು ಹೇಳುತ್ತಿರುವುದು. ಮೂರು ನಾಲ್ಕು ಎಸಳು ಬೆಳ್ಳುಳ್ಳಿ, ನೆನೆದ ಕಾಳು, ಕಾಳಿನ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ನೀರು, ಒಂದು ಚಹಾ ಚಮಚ ಉಪ್ಪು. ಮೊದಲ ಹತ್ತು ನಿಮಿಷ ಜೋರಾಗಿ ಮರಳಲಿ, ಆಮೇಲೆ ಉರಿ ಸಣ್ಣಗೆ ಮಾಡಿ. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟು ಮಾತ್ರ. ಮುಚ್ಚಳವನ್ನು ಸ್ವಲ್ಪ ಓರೆಮಾಡಿಡಿ. ನೆನೆದ ಕಾಳು ಒಂದರಿಂದ ಒಂದೂವರೆ ಗಂಟೆಯಲ್ಲಿ ಬೇಯುತ್ತದೆ, ನೆನೆಸದಿದ್ದರೆ ಎರಡು ಗಂಟೆ ದಾಟಬಹುದು. ಪಕ್ಕದ ಒಲೆಯಲ್ಲಿ ಬಿಸಿನೀರು ಇಟ್ಟುಕೊಂಡಿರಿ, ನೀರು ಇಂಗಿದಾಗ ಅದನ್ನೇ ಸೇರಿಸಿ. ತಣ್ಣೀರು ಸುರಿದರೆ ಕುದಿ ನಿಂತುಹೋಗುತ್ತದೆ. ಮಚ್ಚೆಗಳೆಲ್ಲ ಕರಗಿ ಕಾಳು ಒಂದೇ ತೆರನಾದ ಗುಲಾಬಿಗಂದು ಬಣ್ಣಕ್ಕೆ ಬರುತ್ತದೆ. ಒಂದು ಕಾಳನ್ನು ನಾಲಿಗೆ ಮತ್ತು ಅಂಗುಳದ ನಡುವೆ ಒತ್ತಿ ನೋಡಿ. ಹಲ್ಲಿನ ಸಹಾಯವಿಲ್ಲದೆ ಬೆಣ್ಣೆಯಾದರೆ ಆಯಿತು. ಒಂದಲ್ಲ, ನಾಲ್ಕೈದು ಕಾಳು ನೋಡಬೇಕು. ಒಂದು ಬೆಂದು ಇನ್ನೊಂದು ಬೇಯದಿರುವುದು ಮಾಮೂಲು. ಆಮೇಲೆ ಉಪ್ಪು ಸರಿಮಾಡಿ, ಮುಚ್ಚಳ ತೆಗೆದು ಇನ್ನೊಂದು ಕಾಲು ಗಂಟೆ ಬಿಡಿ. ನೀರು ನೀರಾಗಿದ್ದದ್ದು ಸೌಟಿನ ಬೆನ್ನಿಗೆ ತೆಳುವಾಗಿ ಅಂಟುವಷ್ಟು ಕಟ್ಟಾಗುವುದು ಈ ಕೊನೆಯ ಹದಿನೈದು ನಿಮಿಷದಲ್ಲೇ.

ಕುಕ್ಕರ್ ಬಳಸಬಹುದೇ? ಖಂಡಿತ. ಮೆಕ್ಸಿಕೋದ ಅಡುಗೆಮನೆಗಳಲ್ಲೂ ಅದು ಸಾಮಾನ್ಯ. ನೆನೆದ ಕಾಳಾದರೆ ಒಂದು ವಿಸಿಲ್ ಬಂದ ಮೇಲೆ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಸಾಕು. ಆದರೆ ವಿಸಿಲ್ ಎತ್ತಿ ಆವಿ ಬಿಡಬೇಡಿ. ಒತ್ತಡ ಏಕಾಏಕಿ ಇಳಿದಾಗ ಒಳಗಿನ ನೀರು ಭರ್ರನೆ ಕುದಿದು ಕಾಳುಗಳನ್ನು ಸಿಡಿಸುತ್ತದೆ. ಸಿಪ್ಪೆ ಒಂದು ಕಡೆ, ಹಿಟ್ಟು ಒಂದು ಕಡೆ ಆಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ. ತಾನಾಗಿ ತಣಿಯಲಿ, ಆಮೇಲೆ ತೆರೆದಿಟ್ಟು ಕುದಿಸಿ ಕಟ್ಟು ಮಾಡಿಕೊಳ್ಳಿ.

ಎರಡು ಪಾತ್ರೆಗಳ ವಿಷಯದಲ್ಲಿ ಮಾತ್ರ ಜೋಪಾನ. ಸಣ್ಣ ಬಿಸಿಯಲ್ಲಿ ದಿನವಿಡೀ ಬೇಯಿಸುವ ಸ್ಲೋ ಕುಕ್ಕರ್ ಮಗಳ ಮನೆಯಲ್ಲಿದ್ದರೆ ಹಸಿಕಾಳನ್ನು ನೇರವಾಗಿ ಅದಕ್ಕೆ ಹಾಕಬೇಡಿ. ಈ ಜಾತಿಯ ಕಾಳುಗಳಲ್ಲಿ ವಾಂತಿಭೇದಿ ತರುವ ಲೆಕ್ಟಿನ್ ಎಂಬ ಅಂಶವಿದೆ. ಕೆಂಪು ರಾಜ್ಮಾದಲ್ಲಿ ಅದು ಅತಿ ಹೆಚ್ಚು, ಪಿಂಟೋದಲ್ಲಿ ಕಡಿಮೆ. ಜೋರು ಕುದಿತಕ್ಕೆ ಅದು ನಾಶವಾಗುತ್ತದೆ, ಅರೆಬಿಸಿಗೆ ಆಗುವುದಿಲ್ಲ. ನಾನು ಮೇಲೆ ಹತ್ತು ನಿಮಿಷ ಜೋರಾಗಿ ಕುದಿಸಲು ಹೇಳಿದ್ದೂ ಇದಕ್ಕೇ. ಎರಡನೆಯದು ಮೆಕ್ಸಿಕೋದ ಬಣ್ಣಬಣ್ಣದ ಮಣ್ಣಿನ ಗಡಿಗೆ. ನೋಡಲು ಬಹಳ ಚೆಂದ, ಆದರೆ ಅದರ ಹೊಳಪಿಗೆ ಸೀಸ ಬಳಸುವ ಹಳೆಯ ಪದ್ಧತಿ ಇನ್ನೂ ಪೂರ್ತಿ ನಿಂತಿಲ್ಲ. ಸೀಸವಿಲ್ಲ ಎಂಬ ಖಾತ್ರಿ ಇಲ್ಲದಿದ್ದರೆ ಅದು ಅಲಂಕಾರಕ್ಕಿರಲಿ. ಮನೆಯಲ್ಲಿ ಮಕ್ಕಳಿದ್ದರಂತೂ ಈ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಬಡಿಸುವಾಗ ಬಟ್ಟಲಿಗೆ ಕಾಳಿಗಿಂತ ತುಸು ಹೆಚ್ಚೇ ಕಟ್ಟು ಬರಲಿ. ಮೇಲೆ ಹೆಚ್ಚಿದ ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ನಿಂಬೆಹಣ್ಣಿನ ರಸ. ಪುಡಿಪುಡಿಯಾಗುವ ‘ಕೆಸೋ ಫ್ರೆಸ್ಕೋ’ ಎಂಬ ಉಪ್ಪು ಗಿಣ್ಣನ್ನು ಅವರು ಉದುರಿಸುತ್ತಾರೆ. ಸಿಗದಿದ್ದರೆ ಪನೀರನ್ನು ಉಪ್ಪು ಬೆರೆಸಿ ಪುಡಿಮಾಡಿ ಹಾಕಿ. ಜೊತೆಗೆ ಬಿಸಿ ತೋರ್ತಿಯಾ. ಪಿಂಟೋ ಹೆಚ್ಚಾಗಿ ಬಳಕೆಯಲ್ಲಿರುವುದು ಚಿವಾವಾ, ದುರಾಂಗೋದಂಥ ಉತ್ತರದ ರಾಜ್ಯಗಳಲ್ಲಿ. ಅಲ್ಲಿ ಗೋಧಿಯ ತೋರ್ತಿಯಾ ಕೂಡ ಧಾರಾಳ. ದಕ್ಷಿಣಕ್ಕೆ, ವೆರಾಕ್ರೂಸ್, ವಾಹಾಕಾ ಕಡೆಗೆ ಹೋದರೆ ಗಡಿಗೆಯಲ್ಲಿ ಕಪ್ಪು ಕಾಳು, ಅದರಲ್ಲಿ ಎಪಾಸೋತೆ ಎಂಬ ತೀಕ್ಷ್ಣ ವಾಸನೆಯ ಸೊಪ್ಪು. ಪಿಂಟೋಗೆ ಆ ಸೊಪ್ಪು ಕಡ್ಡಾಯವಲ್ಲ, ಅದರ ಬದಲಿಗೆ ಏನನ್ನೋ ಹುಡುಕುವ ಗೋಜಿಗೂ ಹೋಗಬೇಡಿ.

ಮರುದಿನಕ್ಕೆ ಉಳಿದದ್ದನ್ನು ಕಟ್ಟಿನ ಸಮೇತ ಫ್ರಿಜ್ಜಿನಲ್ಲಿಡಿ, ಮೂರ್ನಾಲ್ಕು ದಿನ ಕೆಡುವುದಿಲ್ಲ. ಹುರಿದರೆದ ಕಾಳು ಬೇಕಾದರೆ ಬಾಣಲೆಯಲ್ಲಿ ಮೂರು ಚಮಚ ಎಣ್ಣೆಗೆ ಈರುಳ್ಳಿ ಹಾಕಿ ಚೆನ್ನಾಗಿ ಕೆಂಪಗಾಗಿಸಿ, ಎರಡು ಲೋಟ ಕಾಳು, ಒಂದು ಸೌಟು ಕಟ್ಟು ಸೇರಿಸಿ ಕಡಗೋಲಿನಲ್ಲಿ ಮಸೆಯಿರಿ. ಒಣಗಿದಾಗ ಇನ್ನೊಂದು ಸೌಟು ಕಟ್ಟು. ಬಾಣಲೆಯನ್ನು ಓರೆಮಾಡಿದಾಗ ಮುದ್ದೆ ತಳ ಬಿಟ್ಟು ಒಟ್ಟಿಗೆ ಜಾರಬೇಕು, ಆದರೆ ಇನ್ನೂ ಹಸಿಯಾಗಿ ಹೊಳೆಯುತ್ತಿರಬೇಕು. ತಣಿದಾಗ ಅದು ತಾನೇ ಗಟ್ಟಿಯಾಗುವುದರಿಂದ ಒಲೆಯ ಮೇಲೆ ಪೂರ್ತಿ ಗಟ್ಟಿಮಾಡಬಾರದು. ಹೊಗೆಯ ವಾಸನೆ ಇಷ್ಟವಾದರೆ ಹಣ್ಣಾದ ಹಲಪೇನ್ಯೋ ಮೆಣಸಿನಕಾಯಿಯನ್ನು ಹೊಗೆಯಲ್ಲಿ ಒಣಗಿಸಿದ ‘ಚಿಪೋತ್ಲೆ’ ಸಿಗುತ್ತದೆ, ಒಂದನ್ನು ಹೆಚ್ಚಿ ಹಾಕಿ. ಉತ್ತರದವರ ‘ಚಾರ್ರೋ’ ಕಾಳಿಗೆ ಹಂದಿಮಾಂಸ ಕೊಡುವ ಹೊಗೆರುಚಿಯನ್ನು ಸಸ್ಯಾಹಾರಿಗಳು ಇದರಿಂದ ಪಡೆಯಬಹುದು. ಊರಿಗೆ ಬರುವಾಗ ಒಂದು ಪೊಟ್ಟಣ ಒಣ ಚಿಪೋತ್ಲೆ ತನ್ನಿ. ನಮ್ಮ ಬ್ಯಾಡಗಿ ಬಣ್ಣ ಕೊಟ್ಟೀತು, ಆ ಹೊಗೆ ಕೊಡಲಾರದು.

ಊರಿನಲ್ಲಿ ಯಾವ ಕಾಳು ಎಂಬುದಕ್ಕೆ: ಪಿಂಟೋ, ರಾಜ್ಮಾ, ನಾವು ಪಲ್ಯ ಮಾಡುವ ಹುರುಳಿಕಾಯಿ ಎಲ್ಲವೂ ಒಂದೇ ಜಾತಿಯ ಬಳ್ಳಿಯವು. ಅಂಗಡಿಯಲ್ಲಿ ಚಿತ್ರಾ ರಾಜ್ಮಾ ಎಂದು ಕೇಳಿ. ಕೆನೆಬಣ್ಣದ ಮೇಲೆ ಕೆಂಗಂದು ಮಚ್ಚೆ ಇರುವ ಆ ಕಾಳು ಪಿಂಟೋಗಿಂತ ದಪ್ಪ, ಸಿಪ್ಪೆಯೂ ಒಂದಿಷ್ಟು ಗಡುಸು, ಆದರೆ ತಿರುಳು ನುಣ್ಣಗಿದೆ, ಕಟ್ಟು ಚೆನ್ನಾಗಿ ಕೂರುತ್ತದೆ. ಕಡುಗೆಂಪು ರಾಜ್ಮಾ ಬೇಡ, ಅದರ ರುಚಿಯೇ ಬೇರೆ. ಅಲಸಂದೆ, ಅವರೆ ಬೇರೆ ಜಾತಿಯ ಕಾಳುಗಳು, ಅವುಗಳಲ್ಲಿ ಈ ಕಟ್ಟು ಬರುವುದಿಲ್ಲ. ಚಿತ್ರಾ ರಾಜ್ಮಾವನ್ನು ತಪ್ಪದೆ ಉಪ್ಪುನೀರಿನಲ್ಲಿ ನೆನೆಸಿ, ಕುಕ್ಕರಿನಲ್ಲಿ ಐದಾರು ನಿಮಿಷ ಹೆಚ್ಚು ಇಡಿ. ಕಟ್ಟು ತೆಳುವೆನಿಸಿದರೆ ಒಂದು ಸೌಟು ಬೆಂದ ಕಾಳನ್ನು ಪಾತ್ರೆಯಲ್ಲೇ ಹಿಚುಕಿ ಬೆರೆಸಿ.