ಚಪ್ಪಲಿ ಜೋಡಿಸಿದ ಹುಡುಗನಿಗೆ

ಅಳಿಯಾ,

ನಿನ್ನ ಸಿನಿಮಾ ನೋಡಿದೆ. ಶಿವಮೊಗ್ಗದಲ್ಲಿ, ಶನಿವಾರದ ಮ್ಯಾಟ್ನಿ. ಒಳಗೆ ನನ್ನನ್ನೂ ಸೇರಿಸಿ ಹದಿನಾಲ್ಕು ಜನ. ಅದರಲ್ಲಿ ಇಬ್ಬರು ಎಸಿಗೋಸ್ಕರ ಬಂದವರು, ಇಂಟರ್ವಲ್‌ ಆದಮೇಲೂ ಏಳಲಿಲ್ಲ. ರಾತ್ರಿ ನಿಮ್ಮಮ್ಮ ಫೋನ್ ಮಾಡಿ ಹೇಗಿತ್ತು ಅಂತ ಕೇಳಿದಳು. ಹುಡುಗ ಚೆನ್ನಾಗಿ ಮಾಡಿದಾನೆ ಕಣೇ ಅಂದೆ. ಅದು ಅರ್ಧ ನಿಜ. ಉಳಿದರ್ಧ ಅಕ್ಕನಿಗೆ ಹೇಳುವಂಥದ್ದಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಸಿನಿಮಾ ಕೆಟ್ಟದಾಗಿದೆ, ಅದು ನಿನಗೂ ಗೊತ್ತು. ಹೀರೋ ಒದ್ದ ಏಟಿಗೆ ಜೀಪು ಹಾರಿದ್ದಕ್ಕೆ ನನ್ನ ತಕರಾರಿಲ್ಲ ಮಾರಾಯ. ಯಕ್ಷಗಾನದ ಹನುಮಂತ ರಂಗಸ್ಥಳದಲ್ಲಿ ನಾಲ್ಕು ಸುತ್ತು ತಿರುಗಿ ಸಮುದ್ರ ದಾಟಿದೆ ಎಂದರೆ ಒಪ್ಪಿಕೊಂಡು ಬೆಳೆದವರು ನಾವು. ಆದರೆ ಆ ಜೀಪು ಯಾಕೆ ಬಂತು, ಅದರಲ್ಲಿದ್ದವರು ಯಾರು, ಅವರಿಗೆ ಇವನ ಮೇಲೆ ಯಾಕೆ ಸಿಟ್ಟು, ಇಷ್ಟನ್ನಾದರೂ ಬರೆದವರು ಯೋಚಿಸಬೇಕಿತ್ತು.

ನೀನು ಏಳು ದೃಶ್ಯದಲ್ಲಿದ್ದೀಯ. ಅದರಲ್ಲಿ ಆರರಲ್ಲಿ ನಿನ್ನ ಕಣ್ಣು ಒಂದೇ ಮಾತು ಹೇಳುತ್ತಿತ್ತು: ನಾನು ಹೆಗ್ಗೋಡಿನಲ್ಲಿ ನಾಟಕ ಕಲಿತವನು, ಹೊಟ್ಟೆಪಾಡಿಗೆ ಇಲ್ಲಿ ನಿಂತಿದ್ದೇನೆ, ದಯವಿಟ್ಟು ತಪ್ಪು ತಿಳಿಯಬೇಡಿ. ಖಳನಾಯಕ ಆಜ್ಞೆ ಕೊಡುವಾಗ ನೀನು ತುಟಿಯ ಒಂದು ತುದಿಯಲ್ಲಿ ನಕ್ಕೆ. ಪಾತ್ರದ ನಗು ಆಗಿರಲಿಲ್ಲ ಅದು. ಪಾತ್ರದ ಮೇಲೆ ನೀನು ನಕ್ಕ ನಗು. ಹದಿನಾಲ್ಕು ಜನರಲ್ಲಿ ಹದಿಮೂರು ಮಂದಿಗೆ ಕಾಣದೆ ಹೋಗಿರಬಹುದು. ನನಗೆ ಕಂಡಿತು, ಯಾಕೆಂದರೆ ಆ ನಗುವನ್ನು ನಾನೂ ಒಂದು ಕಾಲದಲ್ಲಿ ನಕ್ಕಿದ್ದೇನೆ.

1978ರ ಗಣಪತಿ ಹಬ್ಬ. ಆಗ ನಾನು ಬ್ಯಾಂಕಿನಲ್ಲಿ ಗುಮಾಸ್ತ. ಊರಿನ ಧಣಿಯೊಬ್ಬರು ಸ್ವತಃ ಬರೆದ ಸಾಮಾಜಿಕ ನಾಟಕ. ಪೆಂಡಾಲಿನ ಖರ್ಚೂ ಅವರದೇ, ಹಾಗಾಗಿ ಒಂದು ಸಾಲನ್ನೂ ಕಡಿಯುವಂತಿಲ್ಲ. ನನ್ನದು ಶಾನುಭೋಗನ ಪಾತ್ರ. ನನ್ನ ಹೆಂಡತಿಯ ಪಾತ್ರಕ್ಕೆ ಕಂಪನಿ ನಾಟಕದ ನಟಿಯೊಬ್ಬರನ್ನು ದುಡ್ಡು ಕೊಟ್ಟು ಕರೆಸಿದ್ದರು. ಕೊನೆಯ ಅಂಕದಲ್ಲಿ ಮಗ ಸತ್ತ ಸುದ್ದಿ ಬರುತ್ತದೆ. ಆಗ ಶಾನುಭೋಗ ಒಂದೂವರೆ ಪುಟ ವೇದಾಂತ ಹೇಳಬೇಕು. ಅರ್ಧಕ್ಕೆ ಬಂದಾಗ ನನಗೇ ನಾಚಿಕೆಯಾಗಿ, ಮುಂದಿನ ಸಾಲಿನಲ್ಲಿದ್ದ ನನ್ನ ಆಫೀಸಿನವರ ಕಡೆ ಹುಬ್ಬು ಹಾರಿಸಿ ಸೊಟ್ಟ ಮುಖ ಮಾಡಿದೆ. ಪೆಂಡಾಲು ಹಾರಿಹೋಗುವಷ್ಟು ನಗು. ಆಕೆ ನೆಲದಲ್ಲಿ ಕೂತು ಅಳುತ್ತಿದ್ದರು, ನಿಜವಾಗಿಯೂ ಕಣ್ಣೀರು ಬಂದಿತ್ತು. ಆ ಅಳು ನಗುವಿನಲ್ಲಿ ಮುಳುಗಿಹೋಯಿತು.

ಬಣ್ಣ ಒರೆಸುವ ಹೊತ್ತಿಗೆ ಆಕೆ ಕನ್ನಡಿಯ ಮುಂದೆ ಒಂದೊಂದೇ ಹೇರ್‌ಪಿನ್ ತೆಗೆದು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. "ನೀವು ನಾಳೆ ಬ್ಯಾಂಕಿಗೆ ಹೋಗ್ತೀರಿ ಸರ್. ನಾನು ನಾಳೆ ಇನ್ನೊಂದೂರಲ್ಲಿ ಇದೇ ಅಳು ಅಳಬೇಕು," ಎಂದರು. ಅಷ್ಟೇ. ಪಿನ್ನುಗಳನ್ನು ಡಬ್ಬಿಗೆ ಹಾಕಿ, ಬ್ಯಾಗು ಹಿಡಿದು, ಬೆಳಗಿನ ಬಸ್ಸಿಗೆ ಹೊರಟುಹೋದರು.

ನಾಟಕ ಕೆಟ್ಟದಾಗಿತ್ತು ಅನ್ನೋದು ನನಗಿಂತ ಚೆನ್ನಾಗಿ ಆಕೆಗೆ ಗೊತ್ತಿತ್ತು. ಅಂಥ ನೂರು ನಾಟಕದಲ್ಲಿ ಅತ್ತವರು. ಆದರೂ ಅದರ ಹೊರಗೆ ನಿಂತು ಅದನ್ನು ನೋಡಿ ನಗಲಿಲ್ಲ. ನಿನಗೆ ಹೇಳಬೇಕಾದ ಮಾತು ಇದೊಂದೇ.

ಈಗ ಇದೇ ಮಾತಿಗೆ ಒಬ್ಬ ದೊಡ್ಡ ನಟನ ವಿಚಾರ. ರೌಲ್ ಜೂಲಿಯಾ ಅಂತ, ಪೋರ್ಟೊ ರಿಕೊದ ಸಾನ್ ವಾನ್‌ನಲ್ಲಿ 1940ರಲ್ಲಿ ಹುಟ್ಟಿದವನು. ನ್ಯೂಯಾರ್ಕಿನಲ್ಲಿ ಜೋಸೆಫ್ ಪ್ಯಾಪ್ ಅವರ ತಂಡದಲ್ಲಿ ಶೇಕ್ಸ್‌ಪಿಯರ್ ಆಡಿ ಪಳಗಿದವನು. ಬ್ರೆಕ್ಟ್‌ನ ಥ್ರೀಪೆನ್ನಿ ಒಪೆರಾದಲ್ಲಿ ಮ್ಯಾಕ್ ಆಗಿದ್ದವನು. ನೀವೆಲ್ಲ ಬ್ರೆಕ್ಟ್ ಬ್ರೆಕ್ಟ್ ಅಂತೀರಲ್ಲ, ಅದಕ್ಕೆ ಹೇಳಿದೆ. ಇಂಥವನು 1994ರಲ್ಲಿ 'ಸ್ಟ್ರೀಟ್ ಫೈಟರ್' ಅನ್ನೋ ವಿಡಿಯೋ ಗೇಮಿನಿಂದ ಮಾಡಿದ ಸಿನಿಮಾದಲ್ಲಿ ಸರ್ವಾಧಿಕಾರಿ ಬೈಸನ್ ಪಾತ್ರ ಒಪ್ಪಿಕೊಂಡ. ಯಾಕೆ? ಅವನ ಇಬ್ಬರು ಗಂಡುಮಕ್ಕಳಿಗೆ ಆ ಆಟ ಇಷ್ಟ. ಅವನಿಗಾಗಲೇ ಹೊಟ್ಟೆಯ ಕ್ಯಾನ್ಸರ್ ಆಗಿತ್ತು. ಥೈಲ್ಯಾಂಡಿನ ಸೆಟ್ಟಿಗೆ ಬಂದಾಗ ಎಷ್ಟು ಸೊರಗಿದ್ದನೆಂದರೆ, ಅವನು ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಶೂಟಿಂಗಿನ ಕ್ರಮವನ್ನೇ ಹಿಂದೆಮುಂದೆ ಮಾಡಿದರು. ಆ ಅಕ್ಟೋಬರ್ 24ರಂದು ತೀರಿಕೊಂಡ, 54 ವರ್ಷಕ್ಕೆ. ಸಿನಿಮಾ ಬಂದದ್ದು ಡಿಸೆಂಬರಿನಲ್ಲಿ.

ನಾನು ಅದನ್ನು ನೋಡಿದ್ದು ನನ್ನ ಮಗನಿಂದ. ಅವನು ಚಿಕ್ಕವನಿದ್ದಾಗ ಪೇಟೆಯ ವಿಡಿಯೋ ಗೇಮ್ ಅಂಗಡಿಗೆ ಅಡಿಕೆ ಸುಲಿದ ದುಡ್ಡೆಲ್ಲ ಸುರಿದವನು. ಹೋದ ವರ್ಷ ಲ್ಯಾಪ್‌ಟಾಪಿನಲ್ಲಿ ಹಾಕಿ, ಅಪ್ಪಾ ಬರೀ ಇವನೊಬ್ಬನನ್ನ ನೋಡು ಅಂದ. ಸಿನಿಮಾ ಕಸ. ಹತ್ತು ಹದಿನೈದು ಪಾತ್ರಗಳು ಸಂತೆಗೆ ಬಂದವರ ಹಾಗೆ ಬಂದು ಹೋಗುತ್ತಾರೆ, ಯಾರ ಕತೆ ಅಂತ ತಿಳಿಯುವುದಿಲ್ಲ. ಆದರೆ ಕೆಂಪು ಸಮವಸ್ತ್ರದ ಈ ಮನುಷ್ಯ ಬಂದಾಗಲೆಲ್ಲ ನಾನು ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದೆ.

ಒಂದು ದೃಶ್ಯವನ್ನು ನೀನು ಹತ್ತು ಸಲ ನೋಡಬೇಕು. ಸೆರೆ ಸಿಕ್ಕ ಹುಡುಗಿ ಅವನ ಕೋಣೆಯಲ್ಲಿ ನಿಂತು ಹೇಳುತ್ತಾಳೆ: ನೀನು ನಮ್ಮ ಹಳ್ಳಿಗೆ ನುಗ್ಗಿದೆ, ನನ್ನ ತಂದೆಯನ್ನು ಕೊಂದೆ. ಬೇರೆ ಯಾರೇ ಆಗಿದ್ದರೂ ಇಲ್ಲಿ ಗಹಗಹಿಸಿ ನಗುತ್ತಿದ್ದರು. ಇವನು ನಗುವುದಿಲ್ಲ. ಮನೆಗೆ ಬಂದ ಅತಿಥಿಯೊಬ್ಬರು ನಮಗೆ ನೆನಪಿಲ್ಲದ ಮದುವೆಯೊಂದರ ಸುದ್ದಿ ತೆಗೆದಾಗ ನಾವು ಮುಖ ಮಾಡುತ್ತೇವಲ್ಲ, ಹಾಗೆ ಸೌಜನ್ಯದಿಂದ ಕ್ಷಮೆ ಕೇಳುತ್ತಾನೆ. ತನಗೆ ಅದ್ಯಾವುದೂ ನೆನಪಿಲ್ಲ ಎನ್ನುತ್ತಾನೆ. ಅವಳಿಗೆ ಅದು ಬದುಕಿನಲ್ಲೇ ದೊಡ್ಡ ದಿನವಾಗಿರಬಹುದು, ತನಗೆ ಮಾತ್ರ ಅದು ವಾರದಲ್ಲೊಂದು ಮಂಗಳವಾರ, ಅಷ್ಟೇ. ದನಿ ಏರುವುದಿಲ್ಲ. ನನ್ನ ಮೈ ಜುಂ ಅಂದಿತು. ಕ್ರೌರ್ಯದ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಕೊಂದವನಿಗೆ ಕೊಂದದ್ದೇ ನೆನಪಿರುವುದಿಲ್ಲ ಅನ್ನೋದು ಆ ಕಸದ ನಡುವೆ ನನಗೆ ಕಂಡಷ್ಟು ನಿಚ್ಚಳವಾಗಿ ಬೇರೆಲ್ಲೂ ಕಂಡಿಲ್ಲ.

ಇನ್ನೊಂದು ಕಡೆ ಅದೇ ಮನುಷ್ಯ ತಾನು ಕಟ್ಟಲಿರುವ ನಗರದ ಮಾದರಿ ನೋಡುತ್ತಾ, ಊಟದ ಮಳಿಗೆಗಳ ಜಾಗ ಇನ್ನೂ ದೊಡ್ಡದಾಗಬೇಕು ಎಂದು ಚಿಂತಿಸುತ್ತಾನೆ. ತನ್ನ ಮುಖ ಅಚ್ಚಾದ ನೋಟು ತಲಾ ಐದು ಬ್ರಿಟಿಷ್ ಪೌಂಡಿಗೆ ಸಮ ಅನ್ನುತ್ತಾನೆ. ಬರೆದವರು ತಮಾಷೆಗೇ ಬರೆದದ್ದು. ಆದರೆ ಜೂಲಿಯಾ ಅದನ್ನು ತಮಾಷೆ ಅಂದುಕೊಂಡು ಆಡಿಲ್ಲ. ಅವನಿಗೆ ಆ ನೋಟಿನ ಮೇಲೆ ಭರವಸೆಯಿದೆ! ಅದಕ್ಕೇ ನಗು ಬರುತ್ತದೆ, ಅದಕ್ಕೇ ಹೆದರಿಕೆಯೂ ಆಗುತ್ತದೆ. ಸಾಯುತ್ತಿರುವ ಒಬ್ಬ ಶೇಕ್ಸ್‌ಪಿಯರ್ ನಟ, ಪ್ಲಾಸ್ಟಿಕ್ ಸೆಟ್ಟಿನ ಮಧ್ಯೆ, ಎದುರಿನವರಿಗೆ ಡೈಲಾಗ್ ಒಪ್ಪಿಸಲೂ ಸರಿಯಾಗಿ ಬಾರದ ಹೊತ್ತಿನಲ್ಲಿ, ಒಂದು ಸಲವೂ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸುವುದಿಲ್ಲ.

ಅವನಿಂದ ಸಿನಿಮಾ ಉಳಿಯಿತೇ ಅಂತ ಕೇಳಬೇಡ. ಉಳಿಯಲಿಲ್ಲ. ಒಬ್ಬ ನಟ ಸಿನಿಮಾ ಉಳಿಸುವುದು ಪತ್ರಿಕೆಯವರ ಮಾತು. ಅದೇ 1994ರಲ್ಲಿ ಅವನು ಅಮೆಜಾನ್ ಕಾಡಿನ ಹೋರಾಟಗಾರ ಚಿಕೊ ಮೆಂಡಿಸ್ ಆಗಿ 'ದಿ ಬರ್ನಿಂಗ್ ಸೀಸನ್' ಎಂಬ ಟಿವಿ ಚಿತ್ರವನ್ನೂ ಮಾಡಿದ್ದ. ಎಮ್ಮಿ, ಗೋಲ್ಡನ್ ಗ್ಲೋಬ್ ಎರಡೂ ಅದಕ್ಕೆ ಬಂದವು, ಅವನು ತೀರಿಕೊಂಡ ಮೇಲೆ. ಎರಡರಲ್ಲೂ ಅದೇ ಸೊರಗಿದ ದೇಹ. ಒಳ್ಳೆಯ ಸಿನಿಮಾಕ್ಕೆ ಒಂದು ಮನಸ್ಸು, ಕೆಟ್ಟದ್ದಕ್ಕೆ ಇನ್ನೊಂದು ಅಂತ ಅವನು ಎತ್ತಿಟ್ಟುಕೊಂಡಿರಲಿಲ್ಲ.

ನಮ್ಮವರಲ್ಲಿ ಇಲ್ಲವೇ ಅಂತ ಕೇಳುತ್ತೀಯ. ಬಾಲಣ್ಣ ಇದ್ದರಲ್ಲ. ಟಿ.ಎನ್. ಬಾಲಕೃಷ್ಣ. 'ಬಂಗಾರದ ಮನುಷ್ಯ'ದ ರಾಚೂಟಪ್ಪ ಎಂದರೆ ನಿನಗೂ ಗೊತ್ತಾದೀತು. ಐನೂರಕ್ಕೂ ಹೆಚ್ಚು ಸಿನಿಮಾ ಮಾಡಿದವರು. ಅದರಲ್ಲಿ ಎಷ್ಟು ನೆನಪಿಡುವಂಥವು? ಟೆಂಟಿನಲ್ಲಿ ಕೂತು ನೋಡಿದ ಎಷ್ಟೋ ಚಿತ್ರಗಳ ಹೆಸರೇ ನನಗೆ ಮರೆತುಹೋಗಿದೆ, ಬಾಲಣ್ಣ ಮಾತ್ರ ಕಣ್ಣಿಗೆ ಕಟ್ಟಿದಂತಿದ್ದಾರೆ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರಂತೆ. ಈಗ ಅವರ ಯಾವುದಾದರೂ ದೃಶ್ಯ ಹಾಕಿ ನೋಡು, ಅವರು ಮಾತಾಡದೇ ಇರುವ ಹೊತ್ತಿನಲ್ಲಿ. ಎದುರಿನವರು ಹೀರೋ ಆಗಿರಲಿ, ಎರಡು ಸಾಲಿನ ಪೇದೆಯಾಗಿರಲಿ, ಬಾಲಣ್ಣನ ಕಣ್ಣು ಅವರ ಮುಖ ಬಿಡುವುದಿಲ್ಲ. ಕಿವಿ ಚೆನ್ನಾಗಿರುವ ನಾವು ನಮ್ಮ ಸರದಿ ಯಾವಾಗ ಬರುತ್ತದೆ ಅಂತ ಕಾಯುತ್ತಿರುತ್ತೇವೆ. ನಿನ್ನ ಆಸ್ಪತ್ರೆ ದೃಶ್ಯದಲ್ಲಿ ನೀನು ಮಾಡುತ್ತಿದ್ದದ್ದೂ ಅದನ್ನೇ. ಡಾಕ್ಟರು ಮಾತು ಮುಗಿಸುವ ಮೊದಲೇ ನೀನು ಉಸಿರು ಎಳೆದುಕೊಂಡು ತಯಾರಾಗಿದ್ದೆ.

ವಜ್ರಮುನಿಯವರದು ಬೇರೆ ದಾರಿ. 'ಪ್ರಚಂಡ ರಾವಣ' ನಾಟಕದಿಂದ ಬಂದ ಗಂಟಲು ಅದು, ಪರದೆಯನ್ನೇ ನಡುಗಿಸುತ್ತಿತ್ತು. ನಿಮ್ಮ ಕಾಲದವರು ಅದನ್ನು ಓವರ್ ಆಕ್ಟಿಂಗ್ ಅನ್ನುತ್ತೀರಿ. ಜೋರು ಮಾಡುವುದು ತಪ್ಪಲ್ಲ ಮಾರಾಯ, ಒಳಗೆ ಏನೂ ಇಲ್ಲದೆ ಜೋರು ಮಾಡುವುದು ತಪ್ಪು. ಅಲನ್ ರಿಕ್‌ಮನ್ 1991ರ 'ರಾಬಿನ್ ಹುಡ್'ನಲ್ಲಿ ನಾಟಿಂಗ್‌ಹ್ಯಾಮಿನ ಶೆರಿಫ್ ಆಗಿ ಪರದೆ ಹರಿಯುವಷ್ಟು ಜೋರು ಮಾಡಿದ. ಚಿತ್ರಕಥೆ ಸಪ್ಪೆ ಎನಿಸಿ, ನಾಟಕಕಾರ ಪೀಟರ್ ಬಾರ್ನ್ಸ್ ಮತ್ತು ಹಾಸ್ಯನಟಿ ರೂಬಿ ವ್ಯಾಕ್ಸ್ ಇಬ್ಬರನ್ನೂ ಹಿಡಿದು ಕೆಲವು ಮಾತು ಹೊಸದಾಗಿ ಹೊಸೆಸಿಕೊಂಡಿದ್ದನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಆ ಪಾತ್ರಕ್ಕೆ ಬಾಫ್ಟಾ ಬಂತು. ತೆಗೆದುಕೊಳ್ಳುವಾಗ, ನಯ ನಾಜೂಕೇ ಎಲ್ಲಾ ಅಲ್ಲ ಅನ್ನೋದು ನೆನಪಿರಲಿ ಅಂತ ತನಗೆ ತಾನೇ ಹೇಳಿಕೊಂಡ ಹಾಗೆ ಮಾತಾಡಿದ. ನೀನು ಮಾತ್ರ ಈಗಲೇ ಸಂಭಾಷಣೆ ತಿದ್ದಲು ಹೋಗಬೇಡ. ಇನ್ನೂ ನಾಲ್ಕು ಸಿನಿಮಾ ಆಗಲಿ. ಬೇಕಾದರೆ ಅಸೋಸಿಯೇಟ್ ಡೈರೆಕ್ಟರನ್ನು ಟೀ ಹೊತ್ತಿನಲ್ಲಿ ಹಿಡಿದು ಒಂದು ಪದ ಬದಲಿಸಿಕೊಳ್ಳಲೇ ಅಂತ ಕೇಳು. ಒಂದು ಪದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ದುಡ್ಡಿಗಾಗಿ ಮಾಡಿದೆ ಎಂದು ನೀನು ನಾಚಿಕೊಂಡು ಹೇಳಿದ್ದು ನೆನಪಿದೆ. ಅದರಲ್ಲಿ ನಾಚಿಕೆ ಯಾಕೆ? ಮೈಕಲ್ ಕೇನ್ 1987ರಲ್ಲಿ ಆಸ್ಕರ್ ಗೆದ್ದಾಗ ತೆಗೆದುಕೊಳ್ಳಲು ಹೋಗಲಾಗಲಿಲ್ಲ. ಆಗ ಅವನು 'ಜಾಸ್: ದಿ ರಿವೆಂಜ್' ಎಂಬ ಶಾರ್ಕ್ ಮೀನಿನ ಸಿನಿಮಾದ ಶೂಟಿಂಗಿನಲ್ಲಿದ್ದ. ಆ ಸಿನಿಮಾ ತಾನು ನೋಡಿಲ್ಲ, ಘೋರವಾಗಿದೆಯಂತೆ, ಆದರೆ ಅದರ ದುಡ್ಡಿನಲ್ಲಿ ಕಟ್ಟಿದ ಮನೆ ನೋಡಿದ್ದೇನೆ, ಭರ್ಜರಿಯಾಗಿದೆ ಎಂದು ಆಮೇಲೆ ನಗಾಡಿದ. ಬಾಡಿಗೆ ಕಟ್ಟು, ಅಮ್ಮನಿಗೆ ಸೀರೆ ತಗೊ. ಒಂದು ಮಾತು ಮಾತ್ರ: ಕೆಟ್ಟ ಸಿನಿಮಾ ಬೇರೆ, ಕೇಡಿನ ಸಿನಿಮಾ ಬೇರೆ. ಯಾವುದೋ ಜಾತಿಯವರನ್ನೋ ಹೆಣ್ಣುಮಕ್ಕಳನ್ನೋ ಹೀಯಾಳಿಸಲೆಂದೇ ಬರೆದ ಪಾತ್ರ ಬಂದರೆ ಬೇಡ ಅನ್ನು. ಅಲ್ಲಿ ಚೆನ್ನಾಗಿ ನಟಿಸಿದಷ್ಟೂ ಅನಾಹುತ ಹೆಚ್ಚು.

ಈಗ ಏಳನೆಯ ದೃಶ್ಯಕ್ಕೆ ಬರುತ್ತೇನೆ. ಹೀರೋನ ತಾಯಿಯ ಹೆಣ ಅಂಗಳದಲ್ಲಿದೆ. ಅವನು ಆಕಾಶ ನೋಡಿಕೊಂಡು ಶಪಥ ಮಾಡುತ್ತಿದ್ದಾನೆ, ಹಿಂದೆ ಕಿವಿ ಹರಿಯುವ ಮ್ಯೂಸಿಕ್ಕು. ಕ್ಯಾಮೆರಾದ ಮೂಲೆಯಲ್ಲಿ ನೀನು. ಮಾತಿಲ್ಲ. ಫೋಕಸ್ಸೂ ನಿನ್ನ ಮೇಲಿಲ್ಲ, ಮಸುಕು ಮಸುಕು. ಜಗಲಿಯ ಮೆಟ್ಟಿಲ ಕೆಳಗೆ ಬಂದವರ ಚಪ್ಪಲಿಗಳು ಅಡ್ಡಾದಿಡ್ಡಿ ಬಿದ್ದಿವೆ. ನೀನು ಬಗ್ಗಿ ಒಂದೊಂದೇ ಜೊತೆ ಹುಡುಕಿ ಗೋಡೆಯ ಬದಿಗೆ ಸಾಲಾಗಿ ಇಡುತ್ತೀಯ. ಒಂದು ಹವಾಯಿ ಚಪ್ಪಲಿಯ ಜೊತೆ ಸಿಗುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಡುತ್ತೀಯ.

ಅದನ್ನು ಯಾರು ಹೇಳಿಕೊಟ್ಟರು? ಡೈರೆಕ್ಟರ್ ಹೇಳಿರಲಾರರು, ಅಂಥ ಮನುಷ್ಯನಾಗಿದ್ದರೆ ಸಿನಿಮಾ ಹೀಗಿರುತ್ತಿರಲಿಲ್ಲ. ನಿಮ್ಮಜ್ಜ ಹೋದ ದಿನ ನೀನು ಎಂಟು ವರ್ಷದವನು. ಯಾರೂ ನಿನ್ನನ್ನು ಮಾತಾಡಿಸುತ್ತಿರಲಿಲ್ಲ, ಮಾಡಲಿಕ್ಕೆ ಏನೂ ತೋಚದೆ ನೀನು ಅಂಗಳದಲ್ಲಿ ಚಪ್ಪಲಿ ಜೋಡಿಸುತ್ತಿದ್ದೆ. ನಾನು ನೋಡಿದ್ದೆ. ಥಿಯೇಟರಿನ ಕತ್ತಲಲ್ಲಿ ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿ ಕೂತವನು ಹೀರೋನ ಡೈಲಾಗಿಗೆ ಅಂದುಕೊಂಡಿರಬೇಕು, ಕರ್ಚೀಫ್ ಕೊಡಲು ಬಂದ.

ಆ ಹೊತ್ತಿನಲ್ಲಿ ನೀನು ಸಿನಿಮಾ ಒಳ್ಳೆಯದೋ ಕೆಟ್ಟದೋ ಅಂತ ಅಳೆಯುತ್ತಿರಲಿಲ್ಲ, ನನಗೆ ಖಾತ್ರಿಯಿದೆ. ಉಳಿದ ಆರು ದೃಶ್ಯದಲ್ಲೂ ಆ ಹುಡುಗನೇ ಇದ್ದಿದ್ದರೆ ಎಂದುಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ಎರಡನೇ ಸಿನಿಮಾ ಒಪ್ಪಿಕೊಂಡಿದ್ದೀಯಂತೆ, ನಿಮ್ಮಮ್ಮ ಕತೆ ಹೇಳಿದಳು. ಅದೂ ಇದರ ಅಣ್ಣನ ಹಾಗೇ ಕಾಣುತ್ತದೆ. ಬಿಡುಗಡೆಯಾದ ದಿನ ತಿಳಿಸು. ಪಾಸು ಕಳಿಸಬೇಡ, ಟಿಕೆಟ್ ನಾನೇ ತೆಗೆದುಕೊಳ್ಳುತ್ತೇನೆ.

ನಿನ್ನ
ಸೋದರಮಾವ