ಚೆಲುವು ಮತ್ತು ಉಪಯೋಗ: ನವಲಗುಂದದ ಜಮಖಾನೆ ಕಲಿಸಿದ ಪಾಠ

ಚೆಲುವೆಂಬುದು ಉಳ್ಳವರ ಸೊತ್ತು, ಉಪಯೋಗವೆಂಬುದು ಬಡವರ ಪಾಲು ಎಂದು ನಾನು ಬಹುದಿನ ನಂಬಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೇ ಮೊದಲಿಗ. ಒಕ್ಕಲುತನದ ಮನೆಯಲ್ಲಿ ವಸ್ತು ಕೆಲಸಕ್ಕೆ ಬಂದರೆ ಸಾಕು. ಅದರ ಅಂದವನ್ನು ವಿಚಾರಿಸುವವರಾರು?

ಹೋದ ವರ್ಷ ಗೆಳೆಯರು ಮನೆಗೆ ಬರುವರೆಂದು, ಹಳೆಯ ಜಮಖಾನೆ ಹಾಸಲು ನಾಚಿ, ಪೇಟೆಯಿಂದ ಹೂವಿನ ಅಚ್ಚೊತ್ತಿದ ಪ್ಲಾಸ್ಟಿಕ್ ಚಾಪೆ ತಂದೆ. ವರ್ಷ ತುಂಬುವುದರೊಳಗೆ ಹೂಗಳು ಅಳಿಸಿಹೋದವು. ಅವ್ವ ಮಾತಾಡದೆ ಜಮಖಾನೆಯನ್ನು ಮಗ್ಗುಲು ತಿರುವಿ ಹಾಸಿದಳು. “ಒಂದು ಮೈ ಮಾಸಿದ್ರ ಇನ್ನೊಂದು ಮೈ ಐತೆಲ್ಲೋ ತಮ್ಮಾ” ಎಂದಳು.

ಅಂದಿನಿಂದ ಆ ಜಮಖಾನೆಯನ್ನು ಪಠ್ಯದಂತೆ ಓದತೊಡಗಿದೆ. ನವಲಗುಂದದಲ್ಲಿ ಇದನ್ನು ನೆಯ್ಯುವವರು ಹೆಣ್ಣುಮಕ್ಕಳು. ನೆಟ್ಟಗೆ ನಿಲ್ಲಿಸಿದ ಮಗ್ಗಕ್ಕೆ ಹತ್ತಿಯ ಹಾಸುನೂಲು ಬಿಗಿದು, ಬಣ್ಣದ ಹೊಕ್ಕುನೂಲನ್ನು ಕೈಯಿಂದ ತೂರಿಸಿ, ಹಲ್ಲುಳ್ಳ ಪಂಜೆಯಿಂದ ಬಡಿದು ಕೂಡಿಸುತ್ತಾರೆ. ಬಣ್ಣವು ಮೇಲೆ ಬಳಿದದ್ದಲ್ಲ, ನೂಲಿನಲ್ಲಿಯೇ ಇದೆ. ಆದುದರಿಂದ ತುಳಿದಷ್ಟಕ್ಕೆ ಚಿತ್ರ ಅಳಿಯದು.

ಎರಡು ಬಣ್ಣ ಕೂಡುವ ಗೆರೆಯನ್ನು ಗಮನಿಸಿರಿ. ಅಲ್ಲಿ ನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕದಿದ್ದರೆ ಸೀಳು ಬಿಡುತ್ತದೆ. ಕೊಂಡಿ ಹಾಕಿದಾಗ ಬಟ್ಟೆ ಗಟ್ಟಿಯಾಗುತ್ತದೆ. ನೂಲೆಣಿಸಿ ನೆಯ್ಯುವುದರಿಂದ ಓರೆಗೆರೆಯು ಮೆಟ್ಟಿಲು ಮೆಟ್ಟಿಲಾಗಿ ಮೂಡುತ್ತದೆ. ನವಿಲಿನ ಕೊರಳೂ ಹಾಗೆಯೇ! ನಾವು ಮೆಚ್ಚುವ ಆ ಬೆಡಗು ಹುಟ್ಟಿದ್ದು ನೆಯ್ಗೆಯ ಕಟ್ಟಿನಿಂದಲೇ. ಪಗಡೆಯ ಹಾಸಿನ ಚಿತ್ತಾರವು ಚೌಕಟ್ಟಿಗೆ ತಾನಾಗಿ ಒಗ್ಗುತ್ತದೆ. ನೆಲಕ್ಕೆ ಜಮಖಾನೆ, ನಮಾಜಿಗೆ ಜಾನಮಾಜು, ಎತ್ತಿನ ಬೆನ್ನಿಗೆ ಗುದ್ದಾರ: ಉಪಯೋಗ ಬದಲಾದಂತೆ ರೂಪವೂ ಬದಲಾಗುತ್ತದೆ.

ಹಾಗೆಂದು ಚಾಪೆಯನ್ನು ಹಳಿಯುವುದು ನ್ಯಾಯವಲ್ಲ. ಅದು ಅಗ್ಗ, ತೊಳೆಯಲು ಹಗುರ, ಇವೂ ಉಪಯೋಗಗಳೇ. ಕೈನೆಯ್ಗೆಗೆ ದಿನಗಳೇ ಬೇಕು, ಬೆಲೆಯೂ ಹೆಚ್ಚು. 2011ರಲ್ಲಿ ನವಲಗುಂದದ ಜಮಖಾನೆಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೂ ನೆಯ್ಯುವ ಕೈಗಳು ಕೆಲವೇ ಉಳಿದಿವೆ. ಮಾನ್ಯತೆಯಿಂದ ಹೆಸರು ಉಳಿದೀತು. ಕೂಲಿ ಗಿಟ್ಟದೆ ಕಸುಬು ಉಳಿಯದು.

ಸಹಪಾಠಿಗಳೇ, ಚೆಲುವನ್ನು ಮೇಲೆ ಅಂಟಿಸಿದರೆ ಅದು ಮೊದಲು ಹೋಗುತ್ತದೆ. ಕೆಲಸದೊಳಗೆ ನೆಯ್ದರೆ ವಸ್ತುವಿನ ಜೊತೆಗೇ ಬಾಳುತ್ತದೆ. ನಾನು ನಾಚಿದ್ದು ಜಮಖಾನೆಗಾಗಿ. ನಾಚಬೇಕಾಗಿದ್ದದ್ದು ನನ್ನ ಅಜ್ಞಾನಕ್ಕಾಗಿ.